ಹುಡುಕುವ ಖಾನೆಯಲ್ಲಿ ಉಳಿದ ಪ್ರಶ್ನೆ

"ಏನು ಬೇಕೋ ಅದನ್ನ ಈ ಖಾನೆಯಲ್ಲಿ ಟೈಪ್ ಮಾಡಿ ಮೇಡಂ."

"ನನಗೇನೂ ಬೇಡ ಸಾರ್," ಎಂದಳು ಯಶೋಧರಾ.

ದೇವರಾಜುವಿನ ಕೈ ಮೌಸಿನ ಮೇಲೆಯೇ ನಿಂತಿತು. ಮಧುಗಿರಿಯ ಈ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಾ ಅವನು ಮೌಸನ್ನು ಗೋಡೆಗೆ ಹಿಡಿದು ಒತ್ತಿದವರನ್ನೂ ಕಂಡಿದ್ದ. ಇಡೀ ಪ್ರಪಂಚವನ್ನೇ ಎದುರಿಗಿಟ್ಟರೂ ಏನೂ ಬೇಡ ಎಂದವಳು ಇವಳೊಬ್ಬಳೇ. ಅದನ್ನೂ ಎರಡನೇ ಸಲ ಅನ್ನ ಬಡಿಸಲು ಬಂದವರಿಗೆ ಹೇಳುವಷ್ಟು ಸಾಧಾರಣವಾಗಿ ಹೇಳಿದ್ದಳು.

ಗಂಡ ತೀರಿಕೊಂಡು ಎರಡು ವರ್ಷ. ಅವಳು ಅತ್ತಿರಲಿಲ್ಲ. ಅಳುತ್ತಾಳೆಂದು ಕಾದು ಕೂತ ನೆಂಟರು ಕಾಫಿ ಕುಡಿದು, ಒಂದಿಷ್ಟು ನಿರಾಸೆಯಿಂದಲೇ ಎದ್ದು ಹೋಗಿದ್ದರು. ಈಗ ಪಾವಗಡದ ಕಚೇರಿಯಲ್ಲಿ ಅನುಕಂಪದ ನೌಕರಿ ಸಿಕ್ಕಿತ್ತು. ಕಂಪ್ಯೂಟರ್ ಬರಬೇಕು ಎಂದರು, ಕಲಿಯಲು ಬಂದಳು. ಅಷ್ಟೇ.

"ಬಾಯಿಬಿಟ್ಟು ಕೇಳೋಕೆ ಸಂಕೋಚ ಆಗೋದನ್ನೂ ಇಲ್ಲಿ ಕೇಳಬಹುದು," ಎಂದ ದೇವರಾಜು ಮೆತ್ತಗೆ. "ಉತ್ತರ ಬಂದೇ ಬರುತ್ತೆ."

ಉತ್ತರ ಕೊಡುವವರು ಯಾರೆಂದು ಅವನು ಹೇಳಲಿಲ್ಲ. ಆ ಕೊರತೆಯನ್ನು ಪಕ್ಕದ ಕುರ್ಚಿಯ ದಾಸಮ್ಮ ತುಂಬಿದಳು. ಆಕೆ ಕೊಡಿಗೇನಹಳ್ಳಿಯ ಅಂಗನವಾಡಿ ಟೀಚರ್.

"ವೈರು ನೋಡು, ಎಲ್ಲಾ ಮೇಷ್ಟ್ರು ಟೇಬಲ್ಲಿಗೇ ಹೋಗವೆ. ನಾವು ಕೇಳಿದ್ದು ಅವ್ರಿಗೆ ಕಾಣ್ತದೆ. ಅವ್ರು ಅಲ್ಲಿಂದ ಒತ್ತಿ ಕಳಿಸ್ತಾರೆ ಕಣಮ್ಮ."

ಹೌದಲ್ಲ… ಮುಂದಿನ ಮೇಜಿನಲ್ಲಿ ಅವನು ಸದಾ ಏನೋ ಟೈಪ್ ಮಾಡುತ್ತಲೇ ಇರುತ್ತಿದ್ದ.

ಒಂದು ಮಧ್ಯಾಹ್ನ ಯಶೋಧರಾ ಬರೆದಳು: ಸಾರ್, ತಲೆನೋವು.

ಪರದೆಯ ಮೇಲೆ ಶುಂಠಿ ಕಷಾಯದಿಂದ ಹಿಡಿದು ಮೆದುಳಿನ ಗಡ್ಡೆಯವರೆಗೆ ಉತ್ತರಗಳು ಸಾಲುಗಟ್ಟಿದವು. ಸ್ವಲ್ಪ ಹೊತ್ತಿಗೆ ಅವಳ ಪಕ್ಕ ಶುಂಠಿ ಟೀ ಬಂದು ಕೂತಿತು. ಅವಳು ಹಣೆ ಒತ್ತಿಕೊಳ್ಳುವುದನ್ನು ಕಂಡು ದೇವರಾಜು ತರಿಸಿದ್ದ. ಅವಳಿಗೆ ಮಾತ್ರ ದಾಸಮ್ಮನ ಮಾತು ಖಾತ್ರಿಯಾಯಿತು.

ಅಂದಿನಿಂದ ದಿನಕ್ಕೊಂದು. ಮಧುಗಿರಿ ಬೆಟ್ಟದ ಮೇಲೆ ಏನಿದೆ ಸಾರ್? ಒಬ್ಬರಿಗೇ ಅಡುಗೆ ಮಾಡಿಕೊಳ್ಳೋದು ಹೇಗೆ ಸಾರ್?

ಪಾಪ, ಎಷ್ಟು ಬೇಗ ಕಳಿಸುತ್ತಾರೆ, ಚಿತ್ರ ಸಮೇತ… ಎಂದುಕೊಳ್ಳುತ್ತಿದ್ದಳು. ಎದೆಯೊಳಗೆ ಇನ್ನೂ ಮರಗಟ್ಟಿದಂತೆಯೇ ಇತ್ತು. ಆದರೆ ಇವತ್ತು ಏನು ಕೇಳಲಿ ಎಂದು ಯೋಚಿಸುತ್ತಾ ಹಲ್ಲುಜ್ಜುವ ಅಭ್ಯಾಸವೊಂದು ಬಂದಿತ್ತು.

ಕೊನೆಯ ದಿನ ಬಂತು. ಕ್ಲಾಸು ಮುಗಿಸಿ ಹಾಗೇ ಪಾವಗಡದ ಬಸ್ಸು ಹತ್ತಬೇಕು. ಬ್ಯಾಗು ಕಾಲ ಬುಡದಲ್ಲಿತ್ತು. ಇದೊಂದನ್ನು ಕೇಳದೆ ಹೋದರೆ ಇನ್ನು ಯಾರನ್ನೂ ಏನನ್ನೂ ಕೇಳಲಾರೆ ಎಂದು ಅವಳಿಗೆ ಗೊತ್ತಿತ್ತು. ಒಂದೊಂದೇ ಅಕ್ಷರ ಒತ್ತಿದಳು.

ಸಾರ್, ನಾನು ಇವತ್ತು ಮಧುಗಿರಿ ಬಿಟ್ಟು ಪಾವಗಡಕ್ಕೆ ಹೋಗ್ತಿದೀನಿ. ಹೋಗಲಾ?

ಉತ್ತರ ತಕ್ಷಣ ಬಂತು. ಮಧುಗಿರಿಯಿಂದ ಪಾವಗಡಕ್ಕೆ ಬಸ್ಸುಗಳ ವೇಳೆ. ಕೆಳಗೆ ದಾರಿಯ ನಕ್ಷೆ.

ಅವಳು ತಲೆಯೆತ್ತಿದಳು. ಅವನು ಮುಂದಿನ ಮೇಜಿನಲ್ಲಿ ಟೈಪ್ ಮಾಡುತ್ತಿದ್ದ. ಇತ್ತ ನೋಡಲೂ ಇಲ್ಲ.

ಅಷ್ಟು ಅವಸರವೇ ನನ್ನನ್ನು ಸಾಗಹಾಕಲು…

ಎರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ಸಿಟ್ಟು ಬಂತು. ಹೇಳದೆ ಕೇಳದೆ ಎದ್ದು ಹೋದಳು.

ಕ್ಲಾಸು ಮುಗಿದ ಮೇಲೆ ಮಿಷಿನ್ನುಗಳನ್ನು ಆರಿಸುತ್ತಾ ಬಂದ ದೇವರಾಜು ಅವಳ ಪರದೆಯ ಮುಂದೆ ನಿಂತ. ಓದಿದ. ಮತ್ತೆ ಓದಿದ. ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ ದಾಸಮ್ಮನನ್ನು, ಇದು ಯಾರಿಗೆ ಬರೆದದ್ದು ಎಂದು ಕೇಳಿದ. ನಿಮಗೇ ಅಲ್ವಾ ಎಂದು ಆಕೆ ವೈರು ತೋರಿಸಿದಳು.

ಅವನು ಓಡಿದ.

ಬಸ್ ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸು ಗುರುಗುಡುತ್ತಿತ್ತು. ಕಿಟಕಿಯ ಪಕ್ಕ ಅವಳು.

"ಯಶೋಧರಾ ಅವರೇ… ಆ ಉತ್ತರ ಕಳಿಸಿದ್ದು ನಾನಲ್ಲ."

"ಮತ್ಯಾರು ಸಾರ್?"

"ಮಿಷಿನ್ನು. ನೀವು ಇಷ್ಟು ದಿನ ಕೇಳಿದ್ದು ಒಂದೂ ನನಗೆ ಕಂಡಿಲ್ಲ."

ಅವಳು ಕಿಟಕಿಯ ಸರಳು ಹಿಡಿದು ಮುಂದಕ್ಕೆ ಬಾಗಿದಳು. ಆಮೇಲೆ ಕೇಳಿದಳು:

"ಹಂಗಾದ್ರೆ ಆ ಟೀ?"

"ಟೀ ನಾನೇ."

ಎರಡು ವರ್ಷ ತಡವಾಗಿ, ನೆಂಟರು ಯಾರೂ ಕಾಯದೇ ಇದ್ದ ಹೊತ್ತಿನಲ್ಲಿ, ಅವಳ ಕಣ್ಣು ತುಂಬಿತು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಜರುಗಿತು. ಅವನು ಕಿಟಕಿಯ ಜೊತೆಗೇ ನಡೆದ.

"ಹೋಗಲಾ ಅಂತ ಕೇಳಿದ್ರಲ್ಲ… ಹೋಗಬೇಡಿ ಅನ್ನೋ ಆಸೆ ನನಗೆ. ಆದ್ರೂ ಹೋಗಿ, ಕೆಲಸಕ್ಕೆ ಸೇರಿ. ಭಾನುವಾರ ನಾನೇ ಬರ್ತೀನಿ. ಬರಲಾ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಬಸ್ಸಿನ ಟೈಮೆಲ್ಲ ನನ್ನ ಮಿಷಿನ್ನಲ್ಲೇ ಇದೆ ಸಾರ್. ಆರಿಸಬೇಡಿ."