ಕ್ಯಾಮೆರಾ ಕಂಬ ಬಂದಾಗಲೆಲ್ಲ ಬಗ್ಗುವವನು

"ಕಾರಿನಾಗ ಹೆಲ್ಮೆಟ್ ಹಾಕ್ಕೊಂಡು ಕುಂದರಬೇಕೇನ್ರಿ ನಾನು?"

ಬಳ್ಳಾರಿಯ ಟ್ರಾಫಿಕ್ ಕ್ಯಾಮೆರಾ ಕಚೇರಿಯಲ್ಲಿ ಪಂಪಾವತಿ ನೋಟಿಸನ್ನು ಮೇಜಿಗೆ ಬಡಿದಳು. ಕಂಪ್ಯೂಟರಿನ ಹಿಂದಿದ್ದ ಸುಶಮೀಂದ್ರ ಫೋಟೋ ನೋಡಿದ. ಕೆನೆ ಬಣ್ಣದ ಹಳೆಯ ಫಿಯಟ್ ಕಾರು, ಅದಕ್ಕೆ ಒತ್ತಿಕೊಂಡೇ ನಿಂತ ಒಂದು ಬೈಕು. ಹೆಲ್ಮೆಟ್ ಇಲ್ಲದವನು ಬೈಕಿನವನು. ದಂಡ ಬಿದ್ದದ್ದು ಕಾರಿಗೆ.

"ನಿಮ್ಮ ಗಾಡಿದು ಹಳೇ ಕಾಲದ ನಂಬರ್ ಮೇಡಂ. ಪ್ಲೇಟ್ ಹೊಸದಾದ್ರೂ ಆ ಅಕ್ಷರದ ಸಾಲು ಕಂಪ್ಯೂಟರಿಗೆ ತಿಳಿಯೂದಿಲ್ಲ. ಅದು ಕೈಬಿಟ್ಟ ಫೋಟೋ ನನ್ನ ಹತ್ರ ಬರ್ತದ. ನಾ ಕಣ್ಣಿಲೆ ನೋಡಿ ಟೈಪ್ ಮಾಡ್ತೀನಿ."

"ಅಂದ್ರ ತಪ್ಪು ಮಷೀನಿಂದಲ್ಲ, ನಿಮ್ದು."

"ಬೈಕಿನ ನಂಬರ್ ಹೊಡೀಬೇಕಿತ್ತು. ಕಣ್ಣು ಕಾರಿನ ಮ್ಯಾಲಿತ್ತು."

"ಕಾರಿನ ಮ್ಯಾಲೋ, ಡ್ರೈವರ್ ಮ್ಯಾಲೋ?"

ಅವನ ಕಿವಿ ಎರಡೂ ಕೆಂಪಾದವು. ಜಗಳ ಮಾಡಲೆಂದೇ ಬಂದಿದ್ದ ಪಂಪಾವತಿಗೆ ಮುಂದಿನ ಬೈಗುಳ ನೆನಪಾಗಲಿಲ್ಲ.

ಬಾದನಹಟ್ಟಿಯ ಚಿನ್ನಪ್ಪನ ಮಗಳು ಅವಳು. ಕೌಲ್ ಬಜಾರಿನ ಶೆಡ್ಡಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಫಿಯಟ್ಟನ್ನು ತಾನೇ ಮುಂದೆ ನಿಂತು ಎಬ್ಬಿಸಿ, ಮದುವೆ ಜೋಡಿಗಳ ಫೋಟೋ ಶೂಟಿಗೆ ಬಾಡಿಗೆಗೆ ಓಡಿಸುತ್ತಿದ್ದಳು. ಹೆಣ್ಣುಮಗಳು ಡ್ರೈವರ್ ಏನು ಎಂದು ಮೂಗು ಮುರಿದವರ ಮುಂದೆ ಹಾರ್ನ್ ಇನ್ನೊಂದು ಸಲ ಒತ್ತಿಯೇ ಹೋಗುವವಳು.

ಮರುದಿನ ಸಿಗ್ನಲ್ಲಿನಲ್ಲಿ ಅವಳು ಕ್ಯಾಮೆರಾ ಕಂಬದತ್ತ ನೋಡಿ ನಾಲಿಗೆ ಚಾಚಿದಳು. ಸಂಜೆ ಫೋನಿಗೆ ಮೆಸೇಜು ಬಂತು: 'ನಾಲಿಗಿ ತೋರಿಸೋದು ಯಾವ ಸೆಕ್ಷನ್ನಿಗೆ ಬರ್ತದ ಅಂತ ಹುಡುಕ್ಲಿಕ್ಕೆ ಹತ್ತೀನಿ.'

ಅವಳು ಬರೆದಳು: 'ಸಿಕ್ಕ ಮ್ಯಾಲೆ ನೀವೇ ಬಂದು ಹಿಡೀರಿ.'

ಅವನು ಬಂದ. ರಜೆಯ ದಿನ ಸಿರುಗುಪ್ಪದ ಕಡೆ ಶೂಟಿಂಗ್ ಇದ್ದರೆ ಜೊತೆಗೆ ಹೊರಡುವುದು ರೂಢಿಯಾಯಿತು. ಫಿಯಟ್ಟಿನ ಮುಂದಿನ ಸೀಟು ಒಂದೇ ಉದ್ದನೆಯ ಸೋಫಾ. ಗೇರು ಸ್ಟೇರಿಂಗಿನ ಪಕ್ಕದಲ್ಲೇ. ನಡುವೆ ಅಡ್ಡವಾಗಲು ಏನೂ ಇಲ್ಲ. ತಿರುವು ಬಂದಾಗ ಅವನ ಭುಜ ಇವಳ ಭುಜಕ್ಕೆ ತಾಗುತ್ತಿತ್ತು. ಪಂಪಾವತಿ ತಿರುವನ್ನು ಬೇಕೆಂದೇ ಜೋರಾಗಿ ಹೊಡೆಯುತ್ತಿದ್ದಳು. 'ನೀವು' ಹೋಗಿ 'ನೀ' ಯಾವಾಗ ಬಂತೋ ಇಬ್ಬರಿಗೂ ತಿಳಿಯಲಿಲ್ಲ.

ಒಂದು ಭಾನುವಾರ ದೇಶನೂರಿನ ಗದ್ದೆ ಬದುವಿನ ಮೇಲೆ ಶೂಟಿಂಗ್ ಮುಗಿಸಿ ಬಳ್ಳಾರಿಗೆ ಬರುವಾಗ, ಮೊದಲ ಕ್ಯಾಮೆರಾ ಕಂಬ ಕಾಣುತ್ತಲೇ ಸುಶಮೀಂದ್ರ ಬಗ್ಗಿದ.

"ಏನು ಬಿತ್ತು?"

"ಲೇಸ್ ಬಿಚ್ಚೇದ, ಕಟ್ಕೋತೀನಿ."

ಯಾವಾಗಲೂ ಅದೇ ಮಾತು. ಇವತ್ತು ಅವಳು ಕೆಳಗೆ ನೋಡಿದಳು.

"ಲೇ, ಚಪ್ಪಲಿಗೆ ಲೇಸ್ ಎಲ್ಲಿಂದ ಬಂತು?"

ಅವನು ತಲೆ ಎತ್ತಿದ. ಪಂಪಾವತಿ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದಳು.

"ನನ್ನ ರಜಾ ದಿನ ನಮ್ಮ ಆಫೀಸಿನಾಗ ಅಮ್ಮನ ಅಣ್ಣ ಶ್ರೀನಿವಾಸ ಮಾಮಾಂದು ಡ್ಯೂಟಿ," ಎಂದ ಕೊನೆಗೆ. "ಈ ಗಾಡಿ ಫೋಟೋ ನೇರ ಅವರ ಮುಂದೇ ಬೀಳ್ತದ. ನೋಡಿದ್ರ ಅಮ್ಮಗ ತಿಳೀತದ. ಅಮ್ಮ ಒಂದು ಹುಡುಗಿ ನೋಡ್ಯಾಳ. ನಮ್ಮ ಪೈಕೀನ. ಈ ವಾರ ಮಾತು ಮುಗಿಸ್ತಾರಂತ."

"ನೀ ಏನಂದಿ?"

"ಇನ್ನೂ ಏನೂ ಅಂದಿಲ್ಲ."

ಪಂಪಾವತಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು.

"ಮಂದಿ ಮದ್ವಿಗೆಲ್ಲ ಗಾಡಿ ಹೊಡೀತೀನಿ. ನಿನ್ನ ಮದ್ವಿಗೂ ಬಾಡಿಗಿಗೆ ಬರಲೇನು?"

"ಪಂಪಾ..."

"ನಾ ಕ್ಯಾಮೆರಾಕ್ಕ ನಾಲಿಗಿ ತೋರಿಸೋಳು. ನೀ ಮುಖ ತೋರಿಸಾಕ ಹೆದರ್ತಿ. ಮುಂದ ಇನ್ನೊಂದು ಕಂಬ ಐತಿ. ಅಲ್ಲಿ ಬಗ್ಗಿದ್ರ ಅಲ್ಲೇ ಇಳದು ಹೋಗು. ಈ ಗಾಡಿ ಮತ್ತ ಹತ್ತಬ್ಯಾಡ."

ಗೇರು ಬಿತ್ತು. ಅವಳು ಅವನತ್ತ ನೋಡಲಿಲ್ಲ. ನೋಡಿದರೆ ಕರಗುತ್ತೇನೆಂಬ ಹೆದರಿಕೆ. ಕಂಬ ಹತ್ತಿರವಾಯಿತು. ಸಿಗ್ನಲ್ ಕೆಂಪಾಯಿತು. ಕಾರು ಸರಿಯಾಗಿ ಕ್ಯಾಮೆರಾದ ಎದುರೇ ನಿಂತಿತು.

ಪಕ್ಕದಲ್ಲಿ ಸೀಟು ಕಿರುಗುಟ್ಟಿತು. ಬಗ್ಗಿದ ಎಂದುಕೊಂಡಳು. ಆದರೆ ಅವನ ಭುಜ ಬಂದು ಅವಳ ಭುಜಕ್ಕೆ ಒತ್ತಿತು. ಈ ಸಲ ತಿರುವೇನೂ ಇರಲಿಲ್ಲ. ಅವನು ಕ್ಯಾಮೆರಾವನ್ನೇ ನೆಟ್ಟಗೆ ದಿಟ್ಟಿಸುತ್ತಿದ್ದ, ಕಿವಿ ಕೆಂಪಾಗಿದ್ದರೂ.

ಅವರು ಅವನ ಮನೆಯಿರುವ ಗಾಂಧಿನಗರ ಮುಟ್ಟುವ ಮೊದಲೇ ಫೋನು ಬಡಿದುಕೊಂಡಿತು. ಅವನು ಸ್ಪೀಕರ್ ಒತ್ತಿದ.

"ಏನೋ ಸುಶಮೀಂದ್ರ, ಆ ಕಾರಿನಾಗ ಯಾರ ಜೋಡಿ ಕೂತೀಯೋ? ನಿಮ್ಮಮ್ಮ ಇಂದಿರಾಗ ಫೋನ್ ಹಚ್ಚಲೇನು?"

"ಹಚ್ಚು ಮಾಮಾ. ಬಾಗಲದಾಗ ನಿಂದರು ಅನ್ನು. ಇಬ್ಬರೂ ಬರ್ಲಿಕ್ಕೆ ಹತ್ತೀವಿ."

ಪಂಪಾವತಿ ಆಕ್ಸಿಲರೇಟರ್ ಒತ್ತಿದಳು.

ಇಂದಿರಾಬಾಯಿ ಬಾಗಿಲಲ್ಲೇ ಇದ್ದರು, ಕೈಯಲ್ಲಿ ಫೋನು.

"ಈಕಿ ಡ್ರೈವರೇನೋ?"

"ಹೌದಮ್ಮಾ. ನಾ ಈಕೀನ್ನ ಮದ್ವಿ ಆಗಾಂವ. ಆ ಮನಿಯವರಿಗೆ ಇವತ್ತೇ ಬ್ಯಾಡಂತ ಹೇಳಿಬಿಡು."

ಬಾಗಿಲು ಮುಖದ ಮೇಲೆ ಮುಚ್ಚಿಕೊಂಡಿತು. ಎದುರು ಮನೆಯ ಕಿಟಕಿ ತೆರೆಯಿತು. ಬಾಗಿಲಿಗೊಬ್ಬರಂತೆ ಬೀದಿಯೇ ಹೊರಬಂತು. ಸುಶಮೀಂದ್ರ ಮೆಟ್ಟಿಲ ಮೇಲೆ ಕೂತು ಪಕ್ಕದ ಜಾಗವನ್ನು ಕೈಯಿಂದ ಒರೆಸಿದ. ಅವಳು ಅವನಿಗೆ ಅಂಟಿಕೊಂಡೇ ಕೂತಳು.

"ಯಾರವಾ ನೀನು?" ಎದುರು ಮನೆಯ ಮುದುಕಿಗೆ ತಡೆಯಲಾಗಲಿಲ್ಲ.

"ಬಾದನಹಟ್ಟಿ ಚಿನ್ನಪ್ಪನ ಮಗಳು ರೀ, ಪಂಪಾವತಿ," ಬೀದಿಯ ಕೊನೆಗೂ ಕೇಳುವಂತೆ ಅವಳು ಹೇಳಿದಳು. "ಈ ಮನಿ ಸೊಸಿ ಆಗಾಕ ಬಂದೀನಿ. ಬಾಗಲ ತಗಿಯೋ ತನಕ ಇಲ್ಲೇ ಕುಂದರತೀನಿ."

ಒಳಗಿನ ಹೆಜ್ಜೆ ಸದ್ದು ಬಾಗಿಲ ಹತ್ತಿರ ಬಂದು ನಿಂತಿತು. ತುಸು ಹೊತ್ತಿನ ಮೇಲೆ ಚಿಲಕ ಸರಿಯಿತು.

"ಬೀದ್ಯಾಗ ಕೂತು ಒದರಬ್ಯಾಡ ಅನ್ನೋ ಆಕಿಗೆ. ಏನದ ಒಳಗ ಬಂದು ಮಾತಾಡಲಿ. ನಾ ಹೂಂ ಅಂದಿಲ್ಲ ಮತ್ತ!"

"ಅನ್ನೋವರೆಗೂ ದಿನಾ ಬರ್ತೀನಿ ಅತ್ತಿ," ಎಂದಳು ಪಂಪಾವತಿ. ಅವನ ಕೈ ಬಿಡದೆಯೇ ಹೊಸಿಲು ದಾಟಿದಳು.