ಕೋರ್ಟು ಬೀಗದೊಳಗಿನ ಹಸಿ ನೆಲ

ಇದು ಐವತ್ತೇಳನೇ ಇಸವಿಯಲ್ಲಿ ನಡೆದದ್ದು. ತೆರಕಣಾಂಬಿಯ ಜಂಟಿ ಮನೆ ಮಾರಬೇಕೆಂದು ನನ್ನ ಗಂಡ, ಕೂಡದೆಂದು ಭಾವ ದೊಡ್ಡಬೀರಯ್ಯ, ಇಬ್ಬರೂ ಕಚ್ಚಾಡಿ ಮೂರು ವರ್ಷ ಕೋರ್ಟಿನ ಬೀಗ ಬಿದ್ದಿತ್ತು. ಕೊನೆಗೆ ಮಾರಾಟಕ್ಕೆ ಅಪ್ಪಣೆಯಾಗಿ, ಮಟಮಟ ಮಧ್ಯಾಹ್ನ ಕೋರ್ಟಿನ ಅಮೀನ ಬೀಗ ತೆಗೆದು ಕೊಳ್ಳುವವನನ್ನು ಒಳಗೆ ಬಿಟ್ಟ. ನಾವೂ ಹೋದೆವು.

ನೆಲಕ್ಕೆ ಯಾರೋ ಆಗತಾನೆ ಸಗಣಿ ಸಾರಿಸಿದ್ದರು. ಅಂಗಾಲಿಗೆ ತಣ್ಣಗೆ ಹತ್ತಿತು. ಒಲೆ ಮುಟ್ಟಿದರೆ ಬಿಸಿ.

"ಹೆಂಚು ತೆಗ್ದು ಕಳ್ಳನಂಗೆ ಇಳ್ದಿದ್ದೀಯಲ್ಲಣ್ಣ!" ಅಂದರು ನಮ್ಮವರು.

"ನೀನೇ ಕಣ್ಲಾ ಇಳ್ದಿರೋನು! ಇನ್ನೊಂದು ಕೇಸು ಆಕ್ತೀನಿ ನೋಡು!" ಎಂದು ಭಾವ ಅರಚಿದರು.

ಹೆಂಚಿನ ತುಂಬ ಜೇಡರಬಲೆ ಹಾಗೇ ಇತ್ತು. ಅಲ್ಲದೆ, ಸಗಣಿ ಸಾರಿಸುವಷ್ಟು ಯೋಗ್ಯತೆ ಈ ಮಹಾಪುರುಷರಿಗೆಲ್ಲಿ?

ಕೊಳ್ಳುವವನು ಹೊರಟೇಹೋದ. ಹೊಸ್ತಿಲಲ್ಲಿ ನಾನು ತಿರುಗಿ ನೋಡಿದೆ. ನಾವಷ್ಟೂ ಜನ ತುಳಿದಾಡಿದ್ದ ಹಸಿ ನೆಲದ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ.