ಯಾರೂ ಓದದ ಎರಡು ಪುಟ

"ಗದ್ದ ಮೇಲೆತ್ತಿ, ಮೇಡಂ. ಉಸಿರು ಬಿಗಿಹಿಡೀರಿ..."

ಆ ದನಿ!

ಎಕ್ಸ್‌ರೇ ಫಲಕಕ್ಕೆ ಎದೆಯೊತ್ತಿ ನಿಂತಿದ್ದ ಹೊಸ ಡಾಕ್ಟರಮ್ಮ ಬೆಚ್ಚಿಬಿದ್ದಳು. ಈ ಆಸ್ಪತ್ರೆಗೆ ಕೆಲಸಕ್ಕೆ ಸೇರುವವರೆಲ್ಲ ಮೊದಲ ದಿನ ಎಕ್ಸ್‌ರೇ ತೆಗೆಸಲೇಬೇಕು. ಆದರೆ ತೆಗೆಯುವವನು ಅವನೇ ಆಗಿರಬೇಕೇ?

"ಈಗ ಬಿಡಿ."

ಬಿಡಲಾಗಲಿಲ್ಲ ಅವಳಿಗೆ.

ಏಳು ವರ್ಷದ ಹಿಂದೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಖಾಸಗಿ ಮೆಡಿಕಲ್ ಕಾಲೇಜೊಂದಕ್ಕೆ ಅರ್ಜಿ ತುಂಬಿದ್ದರು. ಓದಿನಲ್ಲಿ ಅವನೇ ಮುಂದು. 'ಮೊದ್ದು' ಎಂದು ರೇಗಿಸುತ್ತಲೇ ಅವಳಿಗೆ ಪಾಠ ಹೇಳಿಕೊಟ್ಟವನು, ಜೀವದಂತೆ ಪ್ರೀತಿಸಿದವನು. ಸೀಟು ಮಾತ್ರ ಅವಳಿಗೆ ಸಿಕ್ಕಿತು. ಆಮೇಲೆ ಅವಳು ಒಂದು ಫೋನ್ ಕೂಡ ಮಾಡಲಿಲ್ಲ.

ಗಾಜಿನಾಚೆಯಿಂದ ಅವನು ಹೊರಬಂದ. "ಟೆಕ್ನಿಷಿಯನ್ ಗುರುತು ಸಿಕ್ತಲ್ಲ ಡಾಕ್ಟರಿಗೆ, ಪುಣ್ಯ!"

ಅಯ್ಯೋ... ಡಾಕ್ಟರಾದೆನೆಂಬ ಜಂಬಕ್ಕೆ ಬಿಟ್ಟುಹೋದೆ ಅಂದುಕೊಂಡಿದ್ದಾನೆ!

"ಮೆಡಿಕಲ್ ಕಾಲೇಜಲ್ಲಿ ಹಾಜರಿ ಕರೆಯುವಾಗ, ನನ್ನ ನಂಬರ್ ಆದ್ಮೇಲೆ ನಿನ್ನ ದನಿಗೆ ಕಾಯ್ತಿದ್ದೆ ಕಣೋ," ಎಂದಳು. "ದಿನಾ. ಬರಲ್ಲ ಅಂತ ಗೊತ್ತಿದ್ದೂ..."

ಅವನ ಮುಖ ಸಣ್ಣಗಾಯಿತು. "ನಾನು ಅರ್ಜಿಯಲ್ಲಿ ಬರೆದದ್ದು ಕಾಲೇಜಿನವರಿಗೆ ಹಿಡಿಸಲಿಲ್ಲ. ಯಾಕೆ ಡಾಕ್ಟರಾಗಬೇಕು ಅಂತ ಎರಡು ಪುಟ ಬರೆದಿದ್ನಲ್ಲ, ಅದರಲ್ಲಿ ಏನು ತಪ್ಪಿತ್ತು ಅಂತ ಇವತ್ತಿಗೂ ಹುಡುಕ್ತಿದೀನಿ."

"ಅದನ್ನ ಅವರು ಓದಲೇ ಇಲ್ಲ!"

ಅರ್ಜಿಯ ಕೊನೆಯಲ್ಲೊಂದು ಪ್ರಶ್ನೆಯಿತ್ತು: ಫೀಸಿಗೆ ಕಾಲೇಜಿನ ನೆರವು ಬೇಕೇ? ಅವನು 'ಬೇಕು' ಎಂದು ಗುರುತು ಹಾಕಿದ್ದ. ಅವಳ ಮನೆಯ ಸ್ಥಿತಿಯೂ ಅಷ್ಟೇ. ಆದರೂ ನಾಚಿಕೆಗೆ, ಅವನಿಗೆ ಕಾಣದಂತೆ ಅಂಗೈ ಅಡ್ಡ ಹಿಡಿದು 'ಬೇಡ' ಎಂದಿದ್ದಳು. ಕೊನೆಗೆ ಅಮ್ಮ ತನ್ನ ಹೊಲಿಗೆ ಅಂಗಡಿ ಮಾರಿ, ಇನ್ನೊಬ್ಬರ ಅಂಗಡಿಯಲ್ಲಿ ಗುಂಡಿ ಹೊಲಿಯಲು ಕೂತಳು.

"ನಾನು ಕದ್ದು 'ಬೇಡ' ಅಂತ ಹಾಕಿದ್ದೆ. ಫೀಸು ಕಟ್ಟೋಕೆ ಹೋದಾಗ ಆಫೀಸಲ್ಲಿ ಅರ್ಜಿಗಳ ಎರಡು ಕಟ್ಟು ನೋಡಿದೆ. 'ಬೇಕು' ಅಂದವರ ಕಟ್ಟಿನ ದಾರಾನೇ ಬಿಚ್ಚಿರಲಿಲ್ಲ. ಮೇಲೇ ನಿನ್ನ ಅರ್ಜಿ... ನಿನ್ನ ಫೋಟೋ ನನ್ನನ್ನೇ ನೋಡ್ತಿತ್ತು. ಕೇಳಿದ್ರೆ ಗುಮಾಸ್ತ, 'ನೆರವು ಬೇಡ ಅಂದವರಿಂದ್ಲೇ ಸೀಟು ತುಂಬಿತಲ್ಲಮ್ಮ, ಇನ್ಯಾಕೆ ಬಿಚ್ಚೋದು' ಅಂದ. ನಾನು ಬಾಯಿ ಬಿಡಲಿಲ್ಲ. ಸುಮ್ಮನೆ ಫೀಸು ಕಟ್ಟಿ ಬಂದೆ! ಯಾವ ಮುಖ ಇಟ್ಕೊಂಡು ನಿನಗೆ ಫೋನ್ ಮಾಡಲಿ?"

ಅವನು ಗೋಡೆಗೊರಗಿ ನಿಂತ.

"ಹಾಗಾದ್ರೆ... ತಪ್ಪಿರಲಿಲ್ವಾ ಅದರಲ್ಲಿ?"

"ಬೆಂಚಿನಲ್ಲೇ ನಾನು ಓದಿದ್ನಲ್ಲ. ಒಂದಕ್ಷರ ತಪ್ಪಿರಲಿಲ್ಲ. ರೋಗಿಯ ಕೈ ಹಿಡಿದಾಗೆಲ್ಲ ಅದೇ ನೆನಪಾಗುತ್ತೆ." ಅವಳ ಕಣ್ಣು ತುಂಬಿತು. "ಕೋಪ ಬಂತಾ?"

"ಬಂತು. ನೀನು 'ಬೇಡ' ಅಂದದ್ದಕ್ಕಲ್ಲ, ಅದನ್ನ ಏಳು ವರ್ಷ ಒಬ್ಳೇ ಹೊತ್ಕೊಂಡು ತಿರುಗಿದ್ಯಲ್ಲ, ಅದಕ್ಕೆ." ಕಣ್ಣೊರೆಸಿಕೊಂಡು ಮತ್ತೆ ಗಾಜಿನಾಚೆ ಹೋದ. "ಅಲ್ಲಾಡಿ ಎಕ್ಸ್‌ರೇ ಬೇರೆ ಹಾಳು ಮಾಡಿದೀಯ. ನಿಂತ್ಕೊ. ಉಸಿರು ಬಿಗಿಹಿಡಿ..."

"ಅವತ್ತಿಂದ ಹಿಡ್ಕೊಂಡೇ ಇದೀನಿ ಕಣೋ."

"ಸಾಕು, ಈಗ ಬಿಡು ಮೊದ್ದು. ನಾನಿದ್ದೀನಿ."